ಎಪ್ಪತ್ತು ಅಕ್ಷರದೊಳಗೊಂದು ಎಚ್ಚರಿಕೆ

2013ರ ಜುಲೈ 14ರ ರಾತ್ರಿ ನಮ್ಮ ದೇಶದಲ್ಲಿ ತಂತಿ ಸೇವೆ ಮುಕ್ತಾಯವಾಯಿತು. ಜುಲೈ 16ರಂದು, ರೈತರ ಮೊಬೈಲಿಗೆ ಕಿರುಸಂದೇಶ ಕಳುಹಿಸುವ ಕೇಂದ್ರ ಸರ್ಕಾರದ ‘ಎಂ-ಕಿಸಾನ್’ ವ್ಯವಸ್ಥೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದರು. ಒಂದು ಹೋಗಿ ಇನ್ನೊಂದು ಬಂದದ್ದು ಕಾಕತಾಳೀಯವಿರಬಹುದು. ಆದರೆ ತಂತಿಗೆ ಪದಕ್ಕಿಷ್ಟೆಂದು ಹಣ ತೆರಬೇಕಾಗಿದ್ದುದರಿಂದ ನಮ್ಮ ಹಿರಿಯರು ಒಂದು ಪದವನ್ನೂ ಪೋಲು ಮಾಡುತ್ತಿರಲಿಲ್ಲ. ಸಂದೇಶ ಅಗ್ಗವಾದ ಮೇಲೆ ಆ ಶಿಸ್ತು ನಮ್ಮಿಂದ ದೂರವಾಯಿತು. ಬೆಳಗಾದರೆ ಗುಂಪಿನಲ್ಲಿ ಐವತ್ತು ಹೂವಿನ ಚಿತ್ರ, ಐವತ್ತು ಶುಭೋದಯ. ಅವುಗಳ ನಡುವೆ ಎಲ್ಲೋ ಒಂದು ಆನೆ.

ಆನೆಯ ಮಾತು ತಮಾಷೆಯದಲ್ಲ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಭಾಗದಲ್ಲಿ ಮಹಿಳೆಯೊಬ್ಬರು ಆನೆಯ ದಾಳಿಗೆ ಬಲಿಯಾದದ್ದನ್ನೂ, ಆನಂತರ ಎದ್ದ ಜನರ ಆಕ್ರೋಶವನ್ನೂ ಸದಸ್ಯರು ಮರೆತಿರಲಾರರು. ಸರ್ಕಾರ ಆಮೇಲೆ ನಮ್ಮ ಜಿಲ್ಲೆಯೂ ಸೇರಿದಂತೆ ಕೆಲವು ಜಿಲ್ಲೆಗಳಿಗೆ ಆನೆ ಕಾರ್ಯಪಡೆಯನ್ನು ರಚಿಸಿತು. ಆನೆಯನ್ನು ಹಿಡಿಯುವುದು, ಅಟ್ಟುವುದು ಇಲಾಖೆಯ ಕೆಲಸ. ಅದು ಎಲ್ಲಿದೆ ಎಂಬ ಸುದ್ದಿಯನ್ನು ಕೆಲಸಕ್ಕೆ ಇಳಿಯುವವರಿಗೆ ಇಳಿಯುವ ಮೊದಲೇ ಮುಟ್ಟಿಸುವುದು ನಮ್ಮ ಕೈಯಲ್ಲಿಯೂ ಇದೆ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ತಮಿಳುನಾಡಿನ ವಾಲ್ಪಾರೈ ನಮ್ಮಂತೆಯೇ ಕಾಡಿನ ನಡುವಣ ತೋಟಗಳ ಪ್ರದೇಶ. ಅಲ್ಲಿ ಚಹ ಹೆಚ್ಚು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಎಂ. ಆನಂದಕುಮಾರ್ ಮತ್ತು ಸಂಗಡಿಗರು ಅಲ್ಲಿ ಮೊದಲು ಊರಿನ ಕೇಬಲ್ ಟಿ.ವಿ.ಯ ಅಡಿಪಟ್ಟಿಯಲ್ಲಿ ಆನೆಗಳಿರುವ ಜಾಗವನ್ನು ಸಂಜೆ ಪ್ರಕಟಿಸುತ್ತಿದ್ದರು. 2011ರಿಂದ ಕಿರುಸಂದೇಶ ಆರಂಭಿಸಿದರು. ಎತ್ತರದ ಕಂಬಗಳಲ್ಲಿ ಮೊಬೈಲಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳನ್ನಿಟ್ಟರು; ದೀಪ ಕಂಡರೆ ಆ ಸುತ್ತಿನಲ್ಲಿ ಆನೆ ಇದೆಯೆಂದು ಅರ್ಥ. ಓದು ಬಾರದವನಿಗೂ ಅದು ತಿಳಿಯುತ್ತದೆ. ಈ ಕಾರ್ಯಕ್ಕಾಗಿ ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲೀ ಪ್ರಶಸ್ತಿ ಬಂದಿತು. ನೆರೆಯ ಸಕಲೇಶಪುರ, ಆಲೂರು ಕಡೆಗೂ ಅರಣ್ಯ ಇಲಾಖೆಯ ಜೊತೆಯಲ್ಲಿ ಇದೇ ಕ್ರಮ ಬಂದು, ಕಿರುಸಂದೇಶ, ಧ್ವನಿಕರೆ, ರಸ್ತೆಬದಿಯ ವಿದ್ಯುತ್ ಫಲಕ ಮೂರೂ ಬಳಕೆಯಾಗಿವೆ.

ಇನ್ನು ಕಿರುಸಂದೇಶದ ಒಳಗುಟ್ಟು. ಒಂದು ಸಂದೇಶಕ್ಕೆ ಯಂತ್ರದಲ್ಲಿ ಮೀಸಲಾದ ಜಾಗ 140 ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಅದರಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಒಂದೊಂದು ಗುರುತಿಗೆ ಎರಡು ಬೈಟ್ ಬೇಕಾದ್ದರಿಂದ 70 ಮಾತ್ರ. ಅದರಲ್ಲಿಯೂ ನಾವು ಒಂದೆಂದು ಎಣಿಸುವ ಅಕ್ಷರವನ್ನು ಯಂತ್ರ ಬಿಡಿಸಿ ಎಣಿಸುತ್ತದೆ. ಗುಣಿತಕ್ಕೆ ಬೇರೆ ಲೆಕ್ಕ, ಒತ್ತಿಗೆ ಇನ್ನೂ ಬೇರೆ. ಹೀಗಾಗಿ ‘ಕಳಸ’ ಮೂರರಲ್ಲಿ ಮುಗಿದರೆ ‘ಮೂಡಿಗೆರೆ’ಗೆ 8, ‘ಚಿಕ್ಕಮಗಳೂರು’ ಎಂಬುದಕ್ಕೆ 11 ಬೇಕು. ಕಳಸದವರು ಈ ಒಂದು ವಿಷಯದಲ್ಲಾದರೂ ನಮಗಿಂತ ಮುಂದಿದ್ದಾರೆ! ‘ಮಾನ್ಯರೇ, ತಮ್ಮ ಗಮನಕ್ಕೆ ತರುವುದೇನೆಂದರೆ’ ಎಂದು ನಮ್ಮ ಕಚೇರಿ ಪದ್ಧತಿಯಂತೆ ಪ್ರಾರಂಭಿಸಿದಿರೋ, ಅಲ್ಲಿಗೇ 35 ಖರ್ಚು. ಅರ್ಧ ಸಂದೇಶ ಮುಗಿಯಿತು, ಆನೆ ಇನ್ನೂ ಬಂದಿಲ್ಲ. ಎಪ್ಪತ್ತು ದಾಟಿದರೆ ಸಂದೇಶ ತುಂಡಾಗಿ ಹೋಗುತ್ತದೆ. ದುರ್ಬಲ ಸಂಪರ್ಕದಲ್ಲಿ ಎಲ್ಲ ತುಂಡುಗಳೂ ಒಟ್ಟಿಗೆ ಮುಟ್ಟುತ್ತವೆಂಬ ಭರವಸೆಯಿಲ್ಲ.

ಉದಾಹರಣೆಗೆ ಹೀಗೆ ಬರೆಯಬಹುದು: ‘ಆನೆ: ಕುಂದೂರು ಕೆರೆ ಬಳಿ 3. ಬೆಳಿಗ್ಗೆ 6.10. ಕೆಲಸಕ್ಕೆ ಇಳಿಯಬೇಡಿ.’ ಎಣಿಸಿ ನೋಡಿದರೆ 58. ಏನು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಬೇಕು — ನಾಲ್ಕೂ ಬಂದವು. ಇವುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಹೊತ್ತು. ಹೊತ್ತಿಲ್ಲದ ಎಚ್ಚರಿಕೆ ಇಲ್ಲದ ಎಚ್ಚರಿಕೆಗಿಂತ ಕೆಟ್ಟದ್ದೆಂದು ನನ್ನ ಅಭಿಪ್ರಾಯ. ನಿನ್ನೆಯ ಸುದ್ದಿ ಕೈಯಿಂದ ಕೈಗೆ ಹಾದು ಇವತ್ತು ಬಂದರೆ ಒಂದು ದಿನದ ಕೂಲಿ ಹಾಳು; ಹಾಗೆ ಎರಡು ಸಲ ಆದಮೇಲೆ ಮೂರನೆಯ ಸಲ ಯಾರೂ ನಂಬುವುದಿಲ್ಲ. ಆ ಮೂರನೆಯದು ನಿಜವಾಗಿರಬಹುದು.

ಸಂಸ್ಥೆಯೊಂದು ಏಕಕಾಲಕ್ಕೆ ಬಹುಮಂದಿಗೆ ಸಂದೇಶ ಕಳುಹಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮದಂತೆ ತನ್ನ ಹೆಸರನ್ನೂ ಸಂದೇಶದ ಮಾದರಿಯನ್ನೂ ಮುಂಚಿತವಾಗಿಯೇ ನೋಂದಾಯಿಸಿರಬೇಕು. ಜಾಗ, ಹೊತ್ತುಗಳಿಗೆ ಮಾತ್ರ ಖಾಲಿ ಬಿಟ್ಟಿರಬಹುದು. ಅಂದರೆ ಬೇಸಿಗೆಯಲ್ಲಿ ಕುಳಿತು ಬರೆದಿಟ್ಟದ್ದೇ ಮಳೆಗಾಲದಲ್ಲಿ ಕೆಲಸಕ್ಕೆ ಬರುತ್ತದೆ.

ಮಳೆಯ ವಿಚಾರದಲ್ಲಿ ನಮಗೆ ಅನುಕೂಲ ಹೆಚ್ಚು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯತಿ ಮಟ್ಟದಲ್ಲಿ ಇದ್ದು ಲೆಕ್ಕವನ್ನು ತಾವಾಗಿಯೇ ಬೆಂಗಳೂರಿಗೆ ರವಾನಿಸುತ್ತವೆ. ಅದರ ‘ವರುಣಮಿತ್ರ’ ದೂರವಾಣಿಯಲ್ಲಿ ರೈತರು ಮುನ್ಸೂಚನೆ ಕೇಳಬಹುದು. ಕಣದಲ್ಲಿ ಕಾಫಿ ಹರಡಿರುವವರಿಗೂ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವವರನ್ನು ಕರೆಸಿರುವವರಿಗೂ ಅರ್ಧ ದಿನದ ಮುನ್ಸೂಚನೆಯ ಬೆಲೆ ಗೊತ್ತು. ಕಾಫಿ ಮಂಡಳಿಯು 2018ರ ಡಿಸೆಂಬರಿನಲ್ಲಿ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ‘ಕಾಫಿ ಕೃಷಿ ತರಂಗ’ವನ್ನು ಪ್ರಾರಂಭಿಸಿದಾಗ, ಮೊದಲ ವರ್ಷಕ್ಕೆ 30,000 ಬೆಳೆಗಾರರನ್ನು ಗುರಿಯಾಗಿಟ್ಟು, ಅಕ್ಷರದ ಬದಲು ಧ್ವನಿಯನ್ನು ಆರಿಸಿಕೊಂಡದ್ದು ವಿವೇಕದ ನಿರ್ಧಾರ. ಕೈ ಮಣ್ಣಾಗಿರುವಾಗ ಓದುವುದಕ್ಕಿಂತ ಕೇಳುವುದು ಸುಲಭ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಏಕಾಏಕಿ ಕಿರುಚಿಕೊಂಡದ್ದು ನೆನಪಿರಬಹುದು. ಅದು ಬೇರೆಯೇ ವಿಧಾನದ ಪರೀಕ್ಷೆ. ಕಿರುಸಂದೇಶ ಒಂದೊಂದು ಸಂಖ್ಯೆಯನ್ನೂ ಹುಡುಕಿಕೊಂಡು ಹೋಗುವ ಅಂಚೆಯಾಳಿನಂತೆ. ಸಾವಿರ ಜನರಿದ್ದರೆ ಸಾವಿರ ಮನೆ. ಈ ಹೊಸ ವಿಧಾನ ಡಂಗುರದಂತೆ. ಗೋಪುರದ ವ್ಯಾಪ್ತಿಯಲ್ಲಿರುವ, ಅದನ್ನು ಹಿಡಿಯಬಲ್ಲ ಎಲ್ಲ ಫೋನುಗಳಿಗೂ ಒಂದೇ ಕೂಗು. ಯಾರ ಸಂಖ್ಯೆಯೂ ತಿಳಿದಿರಬೇಕಾಗಿಲ್ಲ. ಪರ ಊರಿನಿಂದ ಹೊರನಾಡಿಗೆ ಬಂದ ಯಾತ್ರಿಕನಿಗೂ ಕೇಳುತ್ತದೆ. ಆದರೆ ಡಂಗುರ ಸರ್ಕಾರದ ಕೈಯಲ್ಲಿದೆ. ನಮ್ಮ ತೋಟದ ಮೂರು ಆನೆಗೆ ಅದನ್ನು ಬಾರಿಸುವುದಿಲ್ಲ.

ಎರಡಕ್ಕೂ ಗೋಪುರ ಬೇಕು, ಗೋಪುರಕ್ಕೆ ವಿದ್ಯುತ್ ಬೇಕು. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು, ಚಾರ್ಮಾಡಿ ಘಾಟಿ ಮುಚ್ಚಿದಂತಹ ಮಳೆ ಬಂದಾಗ, ವಿದ್ಯುತ್ ಹೋಗಿ, ಗೋಪುರದ ಬ್ಯಾಟರಿ ಮುಗಿದರೆ ಕೈಯಲ್ಲಿರುವ ಫೋನು ಬರೀ ಬ್ಯಾಟರಿ ದೀಪ. ಆದ್ದರಿಂದ ಗುಡ್ಡದ ಬುಡದ ಮನೆಗಳಿಗೆ ಎಚ್ಚರಿಕೆ ಹೋಗಬೇಕಾದದ್ದು ಮಳೆ ಜೋರಾದ ಮೇಲಲ್ಲ, ಹಿಂದಿನ ಸಂಜೆ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದ ಮೇಲೆ ಸೇತುವೆ ಮುಳುಗಿದೆ ಎಂದು ತಿಳಿಸಿ ಪ್ರಯೋಜನವೇನು?

ಕೊನೆಯ ನೂರು ಮಾರು ಇನ್ನೂ ಉಳಿದಿದೆ. ಸಂದೇಶ ಬರುವುದು ಮಾಲೀಕನ ಫೋನಿಗೆ; ಅವನು ಮದುವೆಗೋ ಬ್ಯಾಂಕಿಗೋ ಪೇಟೆಗೆ ಹೋಗಿರುತ್ತಾನೆ. ಮಂಜಿನಲ್ಲಿ ತೋಟಕ್ಕೆ ಇಳಿಯುವುದು ಲೈನ್ ಮನೆಯವರು. ಅವರಲ್ಲಿ ಈಗ ಅಸ್ಸಾಮಿನ ಕಡೆಯಿಂದ ಬಂದವರೂ ಇದ್ದು, ಕನ್ನಡದ ಎಪ್ಪತ್ತು ಅಕ್ಷರ ಅವರಿಗೆ ಎಪ್ಪತ್ತು ಗೆರೆಗಳಷ್ಟೆ. ಮೇಸ್ತ್ರಿಗೆ ಒಂದು ಕರೆ, ಮೇಸ್ತ್ರಿ ಬಾರಿಸುವ ಒಂದು ಗಂಟೆ, ಗಂಟೆ ಎಷ್ಟು ಸಲ ಹೊಡೆದರೆ ಏನರ್ಥ ಎಂಬ ಒಪ್ಪಂದ — ಇದಕ್ಕೆ ಯಾವ ಗೋಪುರವೂ ಬೇಡ.

ನಮ್ಮ ಸಂಘದ ಪುಸ್ತಕದಲ್ಲಿ ಸದಸ್ಯರ ಸಂಖ್ಯೆಗಳು ಮಾತ್ರ ಇವೆ. ಪ್ರತಿ ತೋಟದಿಂದ ಮಾಲೀಕರದ್ದಲ್ಲದೆ ರೈಟರ್ ಅಥವಾ ಮೇಸ್ತ್ರಿಯ ಒಂದು ಸಂಖ್ಯೆ, ಲೈನಿನಲ್ಲಿ ಸ್ವಂತ ಫೋನಿರುವ ಒಬ್ಬ ಹೆಂಗಸಿನ ಒಂದು ಸಂಖ್ಯೆ, ಅವರವರ ಒಪ್ಪಿಗೆ ಪಡೆದು, ಮುಂಗಾರಿಗೆ ಮೊದಲು ಕಚೇರಿಗೆ ಬರೆಸಬೇಕಾಗಿ ಕೋರುತ್ತೇನೆ. ಗೊಬ್ಬರದ ಚೀಟಿಯ ಹಿಂಬದಿಯಲ್ಲಿ ಬರೆದು ಕೊಟ್ಟರೂ ಸಾಕು.