ನಿಮಗಿದು ಗೊತ್ತೇ? ಕಡಲಿಗೆ ಎಣ್ಣೆ, ಮೀನಿಗೆ ಬೀಗ

ಚೆನ್ನೈನ ಪ್ಯಾರೀಸ್ ಕಾರ್ನರ್‌ಗೆ ಹೋದವರು ಬರ್ಮಾ ಬಜಾರಿನಲ್ಲಿ ಚೌಕಾಸಿ ಮಾಡಿ, ಹೈಕೋರ್ಟಿನ ಕೆಂಪು ಗುಮ್ಮಟ ನೋಡಿ ಬಸ್ಸು ಹತ್ತುತ್ತಾರೆ. ರಾಜಾಜಿ ಸಾಲೈ ದಾಟಿದರೆ ಬಂದರು. ಉತ್ತರಕ್ಕೆ ನಾಲ್ಕೈದು ಕಿಲೋಮೀಟರ್ ಹೋದರೆ ಕಾಸಿಮೇಡು ಮೀನುಧಕ್ಕೆ, ಅದರಾಚೆ ಎಣ್ಣೂರು. ಈ ಪಟ್ಟಿಯಲ್ಲಿ ಎಣ್ಣೆಗೂ ಮೀನಿಗೂ ಒಂದೇ ಅಂಗಳ. ಹಾಗಾಗಿ ಈ ಸಲದ ಪ್ರಶ್ನೆಗಳೆಲ್ಲ ಕಡಲು ಕೆಟ್ಟಾಗ ಮೀನಿಗೆ ಬೀಳುವ ಬೀಗದ, ಅಂದರೆ ತುರ್ತು ನಿಷೇಧದ, ಸುತ್ತ.

● ಹೈಕೋರ್ಟಿನ ಪೂರ್ವದ ಗೋಡೆಯಲ್ಲಿರುವ ಫಲಕ ಯಾವ ಘಟನೆಯದು, ಗೊತ್ತೇ? 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡನ್ ಹಡಗು ಬಂದರಿನತ್ತ ಗುಂಡು ಹಾರಿಸಿತ್ತು. ಹೊತ್ತಿ ಉರಿದದ್ದು ಬರ್ಮಾ ಆಯಿಲ್ ಕಂಪನಿಯ ತೊಟ್ಟಿಗಳು. ಊರು ಖಾಲಿಯಾಗುವಷ್ಟು ಹೆದರಿಕೆ ಹಬ್ಬಿತು. ಮೀನಿನ ಬಗ್ಗೆ ಆಗ ಯಾರು ಕೇಳಿದ್ದರು!

● 2017ರ ಜನವರಿ 28ರ ನಸುಕಿನಲ್ಲಿ ಎಣ್ಣೂರಿನ ಕಾಮರಾಜರ್ ಬಂದರಿನ ಹೊರಗೆ ಬಿಡಬ್ಲ್ಯೂ ಮೇಪಲ್ ಮತ್ತು ಡಾನ್ ಕಾಂಚೀಪುರಂ ಹಡಗುಗಳು ಡಿಕ್ಕಿಯಾದವು. ಪರಿಸರಕ್ಕೆ ಹಾನಿಯಿಲ್ಲ ಎಂಬ ಮಾತು ಮೊದಲು ಬಂತು, ಆಮೇಲೆ ಎಣ್ಣೆ ಬಂತು. ಎರ್ಣಾವೂರಿನ ಬಂಡೆಗಳ ನಡುವೆ ಸಿಕ್ಕಿಕೊಂಡ ಕಪ್ಪು ರಾಡಿಯನ್ನು ಕರಾವಳಿ ಕಾವಲು ಪಡೆಯವರು, ವಿದ್ಯಾರ್ಥಿಗಳು, ಮೀನುಗಾರರು ಬಕೆಟ್ಟಿನಲ್ಲಿ ಮೊಗೆದರು. ಇಷ್ಟು ದೊಡ್ಡ ಬಂದರು, ಉಪಕರಣ ಬಕೆಟ್ಟು! ಮೀನು ಕೊಳ್ಳುವವರು ಅಷ್ಟರಲ್ಲಿ ಹಿಂದೆ ಸರಿದಿದ್ದರು. ಸರ್ಕಾರ ನಿಷೇಧ ಹೇರಿದರೆ ಅದಕ್ಕೊಂದು ಗೆರೆ ಇರುತ್ತದೆ, ತೆಗೆಯುವುದಕ್ಕೊಂದು ತಾರೀಕು ಇರುತ್ತದೆ. ಗಿರಾಕಿ ಹೇರುವ ನಿಷೇಧಕ್ಕೆ ಎರಡೂ ಇಲ್ಲ. ದೂರದ ಕಡಲಿನಿಂದ ಬಂದ ವಂಜಿರ, ಅಂದರೆ ಅಂಜಲ್ ಮೀನೂ ಅದೇ ಬುಟ್ಟಿಯಲ್ಲಿ ಕೊಳೆಯುತ್ತದೆ.

● 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿಯ ಸಿಪಿಸಿಎಲ್ ತೈಲ ಶುದ್ಧೀಕರಣಾಗಾರದ ಕಡೆಯಿಂದ ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆಗೆ, ಅಲ್ಲಿಂದ ಕೊಸಸ್ತಲೈಯಾರ್ ನದಿಗೆ, ಎಣ್ಣೂರು ಅಳಿವೆಗೆ ಇಳಿಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ತಾನಾಗಿ ಕೇಸು ಎತ್ತಿಕೊಂಡಿತು. ತಮಿಳುನಾಡು ಸರ್ಕಾರದ ಪರಿಹಾರದ ಲೆಕ್ಕ ಹೀಗಿತ್ತು: 2,301 ಮೀನುಗಾರ ಕುಟುಂಬಗಳಿಗೆ ತಲಾ 12,500 ರೂಪಾಯಿ, 787 ದೋಣಿಗಳ ದುರಸ್ತಿಗೆ ತಲಾ 10,000, ಉಳಿದ 6,700 ಕುಟುಂಬಗಳಿಗೆ ತಲಾ 7,500. ಒಟ್ಟು ಸುಮಾರು 8.68 ಕೋಟಿ.

● ದೋಣಿಗೆ ದುಡ್ಡು ಯಾಕೆ? ಎಣ್ಣೆ ದೋಣಿಗೂ ಬಲೆಗೂ ಅಂಟುತ್ತದೆ. ಫರ್ನೇಸ್ ಆಯಿಲ್ ಅಂಟಿದ ನೈಲಾನ್ ಬಲೆಯಂತೂ ತೊಳೆದರೆ ಹೋಗುವಂಥದ್ದಲ್ಲ. ಅದೇ ಬಲೆಯನ್ನು ಆಳದ ಶುದ್ಧ ನೀರಿಗೆ ಹಾಕಿದರೂ ಮೇಲೆ ಬರುವ ಮೀನಿಗೆ ಎಣ್ಣೆ ಮೆತ್ತಿಕೊಳ್ಳುತ್ತದೆ. ತುರ್ತು ನಿಷೇಧಗಳಿಗಿರುವ ಕಾರಣಗಳಲ್ಲಿ ಇದೂ ಒಂದು. ಮೀನು ಚೆನ್ನಾಗಿಯೇ ಇರಬಹುದು, ಬಲೆ ಚೆನ್ನಾಗಿರುವುದಿಲ್ಲ.

● ಎಣ್ಣೆ ಬಿದ್ದ ಕಡಲಿನ ಮೀನೆಲ್ಲ ಸಮಾನ ವಿಷವೇ? ಅಲ್ಲ. ಬಂಗುಡೆ, ಅಂಜಲ್‌ನಂಥ ಈಜುವ ಮೀನುಗಳು ಮೊದಲನೆಯದಾಗಿ ಓಡಿಹೋಗುತ್ತವೆ. ಎರಡನೆಯದಾಗಿ, ಎಣ್ಣೆಯಲ್ಲಿರುವ ಪಿಎಎಚ್ ಎಂಬ ಕ್ಯಾನ್ಸರ್‌ಕಾರಕಗಳನ್ನು ಅವುಗಳ ಯಕೃತ್ತು ಬೇಗ ಒಡೆದು ಹೊರಹಾಕುತ್ತದೆ. ಪಚ್ಚಿಲೆ, ಮರುವಾಯಿ, ಸಿಂಪಿಯಂಥ ಚಿಪ್ಪುಜೀವಿಗಳಿಗೆ ಓಡುವುದಕ್ಕೆ ಕಾಲಿಲ್ಲ, ಒಡೆಯುವುದಕ್ಕೆ ಆ ಕಿಣ್ವಗಳೂ ಸಾಲವು. ದಿನವಿಡೀ ನೀರು ಸೋಸುತ್ತ, ನೀರಿನಲ್ಲಿದ್ದುದನ್ನೆಲ್ಲ ಮೈಯಲ್ಲಿ ಕೂಡಿಡುತ್ತವೆ. ನಿಷೇಧದಿಂದ ಕೊನೆಗೆ ಬಿಡುಗಡೆಯಾಗುವುದು ಸಾಮಾನ್ಯವಾಗಿ ಇವೇ.

● ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಕ್ಕೆ 1993ರ ಜನವರಿ 5ರಂದು ಬ್ರೇಯರ್ ಎಂಬ ಎಣ್ಣೆ ಟ್ಯಾಂಕರು ಬಡಿಯಿತು. ಬೀಗ ಬಿದ್ದ ವಲಯದ ಪಂಜರಗಳಲ್ಲಿದ್ದ ಸಾಲ್ಮನ್‌ಗಳನ್ನು ನಾಶಮಾಡಬೇಕಾಯಿತು. ಅಲ್ಲಿ ಪಚ್ಚಿಲೆ ಜಾತಿಯ ಚಿಪ್ಪುಜೀವಿಗಳ ಮೇಲಿನ ನಿಷೇಧ ಪೂರ್ತಿ ತೆಗೆಯುವ ಹೊತ್ತಿಗೆ ಬಂದದ್ದು 2000ನೇ ಇಸವಿ.

● ಮೀನು ತಿನ್ನಬಹುದೇ ಎಂದು ತೀರ್ಮಾನಿಸಲು ಅಮೆರಿಕ ಮೊದಲು ಬಳಸಿದ ಯಂತ್ರ ಯಾವುದು? ಮನುಷ್ಯರ ಮೂಗು! 2010ರ ಏಪ್ರಿಲ್ 20ರ ಡೀಪ್‌ವಾಟರ್ ಹೊರೈಜನ್ ತೈಲಬಾವಿ ದುರಂತದ ನಂತರ ಮೆಕ್ಸಿಕೊ ಕೊಲ್ಲಿಯ 88,522 ಚದರ ಮೈಲಿ ಕಡಲಿಗೆ ಬೀಗ ಬಿತ್ತು. ಅದು ಕೊಲ್ಲಿಯಲ್ಲಿ ಅವರ ಕೇಂದ್ರ ಸರ್ಕಾರದ ಪಾಲಿನ ನೀರಿನ ಶೇಕಡ 37ರಷ್ಟು. ಬೀಗ ತೆಗೆಯುವ ಮುನ್ನ ತರಬೇತಿ ಪಡೆದ ತಂಡ ಹಸಿ ಮೀನನ್ನು ಮೂಸಿತು, ಬೇಯಿಸಿ ಮೂಸಿತು, ಆಮೇಲೆ ಬಾಯಿಗಿಟ್ಟಿತು. ಪ್ರಯೋಗಾಲಯದ ಸರದಿ ಆಮೇಲೆ. ಕಾಸಿಮೇಡಿನಲ್ಲಿ ಕಿವಿರೆತ್ತಿ, ಮೂಸಿ, ಮುಖ ಸಿಂಡರಿಸಿ ಮುಂದೆ ಹೋಗುವ ಅಜ್ಜಿಯರಿಗೆ ಈ ಕೆಲಸ ಕೊಟ್ಟಿದ್ದರೆ ನಡೆಯುತ್ತಿತ್ತೋ ಏನೋ. ಆದರೆ ಸೀಸ, ಪಾದರಸದಂಥವಕ್ಕೆ ವಾಸನೆ ಇಲ್ಲ, ಅಲ್ಲಿ ಯಾವ ಮೂಗೂ ನಡೆಯದು.

● ಬೇಯಿಸಿದರೆ ವಿಷ ಹೋಗುತ್ತದೆ ಎನ್ನುವವರಿದ್ದಾರೆ. 1981ರಲ್ಲಿ ಕಲ್ಪಾಕ್ಕಂ ಬಳಿಯ ವಾಯಲೂರಿನಲ್ಲಿ ಮರುವಾಯಿ ತಿಂದ ಮೂವರು ಸತ್ತರು, ಎಂಬತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 1983ರಲ್ಲಿ ಇಂಥದೇ ಪ್ರಕರಣ ನಮ್ಮ ಕಾಸರಗೋಡಿನ ಕುಂಬಳೆ ಪಕ್ಕದ ಆರಿಕ್ಕಾಡಿಯಿಂದ ವರದಿಯಾಗಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದರ ಬೆನ್ನುಹತ್ತಿದರು. ಕಾರಣ ಎಣ್ಣೆಯಲ್ಲ, ಸೂಕ್ಷ್ಮ ಪಾಚಿಗಳಿಂದ ಚಿಪ್ಪಿನೊಳಗೆ ಸೇರುವ ನರವಿಷ. ಕುದಿಸಿದರೂ ಅದು ಅಳಿಯುವುದಿಲ್ಲ. ಇಂಥ ಪಾಚಿ ಹೆಚ್ಚಿದಾಗ ಅಳಿವೆಗೆ ತಾತ್ಕಾಲಿಕ ಬೀಗ ಹಾಕುವುದು ಎಷ್ಟೋ ದೇಶಗಳಲ್ಲಿ ಮಾಮೂಲು.

● ಪ್ಯಾರೀಸ್ ಕಾರ್ನರ್‌ಗೆ ಆ ಹೆಸರು ಕೊಟ್ಟದ್ದು ವೇಲ್ಸಿನ ವ್ಯಾಪಾರಿ ಥಾಮಸ್ ಪ್ಯಾರಿ. ಅವನು ಮದರಾಸಿಗೆ ಬಂದದ್ದು 1788ರಲ್ಲಿ. ಮೂಲೆಯ ಡೇರ್ ಹೌಸ್ ಈಗ ಮುರುಗಪ್ಪ ಸಮೂಹದ ಕೇಂದ್ರ ಕಚೇರಿ. ಅದೇ ಸಮೂಹದ ಕೋರಮಂಡಲ್ ಇಂಟರ್‌ನ್ಯಾಷನಲ್ ಗೊಬ್ಬರ ಕಾರ್ಖಾನೆಯ ಕಡಲಡಿಯ ಕೊಳವೆಯಿಂದ 2023ರ ಡಿಸೆಂಬರ್ 26ರ ನಡುರಾತ್ರಿ ಅಮೋನಿಯಾ ಸೋರಿತು. ಎಣ್ಣೆ ಬಿದ್ದು ತಿಂಗಳೂ ಆಗದ ಎಣ್ಣೂರಿನ ಜನ ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿದರು. ಕೊಳವೆಯ ಬಳಿ ಸಮುದ್ರದ ನೀರಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಕಂಡ ಅಮೋನಿಯಾ ಲೀಟರಿಗೆ 49 ಮಿಲಿಗ್ರಾಂ. ಇರಬೇಕಾದ ಮಿತಿ 5.

● ಎರಡು ನಿಷೇಧಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ತಮಿಳುನಾಡಿನಲ್ಲಿ ಏಪ್ರಿಲ್ 15ರಿಂದ ಜೂನ್ 14, ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31: ಈ 61 ದಿನಗಳ ಯಾಂತ್ರಿಕ ದೋಣಿಗಳ ರಜೆ ಮೀನು ಮರಿ ಮಾಡಲಿ ಎಂದು. ಅದು ಮೀನಿನ ಕ್ಷೇಮಕ್ಕೆ. ತುರ್ತು ನಿಷೇಧ ತಿನ್ನುವವನ ಕ್ಷೇಮಕ್ಕೆ.

● 2025ರ ಮೇ 25ರಂದು ಕೇರಳದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. 640ಕ್ಕೂ ಹೆಚ್ಚು ಕಂಟೇನರು, ಕೆಲವದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್, ಟ್ಯಾಂಕುಗಳಲ್ಲಿ 367.1 ಟನ್ ಫರ್ನೇಸ್ ಆಯಿಲ್. ಕೇರಳ ತಡಮಾಡಲಿಲ್ಲ. ಹಡಗಿನ ಸುತ್ತ 20 ನಾಟಿಕಲ್ ಮೈಲಿಯಲ್ಲಿ ಮೀನು ಹಿಡಿಯಬಾರದೆಂದಿತು, ನಾಲ್ಕು ಜಿಲ್ಲೆಗಳ ಮೀನುಗಾರ ಕುಟುಂಬಗಳಿಗೆ ತಲಾ 1,000 ರೂಪಾಯಿ, 6 ಕಿಲೋ ಅಕ್ಕಿ ಘೋಷಿಸಿತು. ಸಾವಿರ ರೂಪಾಯಿ ಎಷ್ಟು ದಿನಕ್ಕೆ ಎಂದು ಕೇಳಬೇಡಿ. ಆದರೂ ಗೆರೆ ಎಳೆದದ್ದು ಸರಿ ಎಂದೇ ನನ್ನ ಎಣಿಕೆ. ಗೆರೆಯಾಚೆಯ ಮೀನನ್ನು ಧೈರ್ಯವಾಗಿ ಮಾರುವುದಕ್ಕೆ ಅದೊಂದೇ ಆಧಾರ.

● ಅದಾಗಿ ಹದಿನೈದೇ ದಿನಕ್ಕೆ, ಜೂನ್ 9ರಂದು, ಕೇರಳದ ಕಡಲಲ್ಲೇ ವಾನ್ ಹೈ 503 ಎಂಬ ಕಂಟೇನರ್ ಹಡಗು ಹೊತ್ತಿ ಉರಿಯಿತು. ಪಾರಾದ 18 ಮಂದಿಯನ್ನು ಐಎನ್‌ಎಸ್ ಸೂರತ್ ಮಂಗಳೂರಿಗೆ ತಂದಿತು. ನಮ್ಮ ಟ್ರಾಲರುಗಳು ಆಗ ಮಳೆಗಾಲದ ರಜೆಯಲ್ಲಿ ಧಕ್ಕೆಯಲ್ಲೇ ಇದ್ದವು.

● ಶ್ರೀಲಂಕಾದಲ್ಲಿ 2021ರ ಮೇಯಲ್ಲಿ ಎಕ್ಸ್‌ಪ್ರೆಸ್ ಪರ್ಲ್ ಹಡಗು ಉರಿದು ಸುಮಾರು 1,680 ಟನ್ ಪ್ಲಾಸ್ಟಿಕ್ ಹರಳು ಕಡಲಿಗೆ ಚೆಲ್ಲಿತು. 80 ಕಿಲೋಮೀಟರ್ ತೀರದಲ್ಲಿ ಮೀನುಗಾರಿಕೆ ನಿಂತಿತು. ಸಾಬೂದಾನಿಯಷ್ಟಿರುವ ಆ ಹರಳುಗಳನ್ನು ಮೀನು ಮೊಟ್ಟೆಯೆಂದು ನುಂಗುತ್ತದೆ. ದೊಡ್ಡ ಮೀನಾದರೆ ಕರುಳು ತೆಗೆದು ಎಸೆಯುತ್ತೇವೆ, ಇಡಿಯಾಗಿ ಹುರಿಯುವ ಪುಟ್ಟ ನೆತ್ತಿಲಿಯಲ್ಲಿ ಕರುಳೂ ತಟ್ಟೆಗೇ ಬರುತ್ತದೆ.

● ಟ್ಯಾಂಕರಿನ ಎಣ್ಣೆಯಿಂದ ದುಡಿಮೆ ನಿಂತ ಮೀನುಗಾರರಿಗೆ ಪರಿಹಾರ ಕೊಡುವ ಅಂತರರಾಷ್ಟ್ರೀಯ ನಿಧಿಯೊಂದಿದೆ, ಭಾರತವೂ ಅದರ ಸದಸ್ಯ. ನಿಷೇಧಕ್ಕೆ ವೈಜ್ಞಾನಿಕ ಆಧಾರವಿತ್ತೇ, ಬೇಕಾದಷ್ಟೇ ದಿನ ಇತ್ತೇ ಎಂದು ಅದು ತೂಗಿ ನೋಡುತ್ತದೆ. ಎಲ್ಸಾದಂಥ ಕಂಟೇನರ್ ಹಡಗಿನ ಇಂಧನ ಸೋರಿದರೆ ಈ ನಿಧಿಯ ಬಾಗಿಲು ತೆರೆಯದು.

● 2024ರ ಆಗಸ್ಟ್‌ನಲ್ಲಿ ಚೆನ್ನೈ ಬಂದರಿನ ಆವರಣದಲ್ಲೇ ಕರಾವಳಿ ಕಾವಲು ಪಡೆಯ ಪ್ರಾದೇಶಿಕ ಕಡಲ ಮಾಲಿನ್ಯ ನಿಯಂತ್ರಣ ಕೇಂದ್ರ ತೆರೆಯಿತು. ಬಕೆಟ್ಟುಗಳಿಗೆ ಇನ್ನಾದರೂ ವಿಶ್ರಾಂತಿ ಸಿಗಬೇಕು.

● ಜಪಾನಿನ ಮಿನಮಾಟಾದಲ್ಲಿ ಪಾದರಸ ತಿಂದ ಮೀನು ಹೊರಕ್ಕೆ ಹೋಗದಂತೆ ಕೊಲ್ಲಿಗೇ ಬಲೆ ಕಟ್ಟಿದರು. 1974ರಲ್ಲಿ ಕಟ್ಟಿದ ಬಲೆಯನ್ನು ಬಿಚ್ಚಿದ್ದು 1997ರಲ್ಲಿ. ಫುಕುಶಿಮಾದಲ್ಲಿ 2011ರ ಅಣು ದುರಂತದ ನಂತರ ನಿಂತ ಕರಾವಳಿ ಮೀನುಗಾರಿಕೆ 2012ರ ಜೂನಿನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಅನುಮತಿ ಸಿಕ್ಕಿದ್ದು ಮೂರೇ ಜೀವಿಗಳಿಗೆ: ಎರಡು ಜಾತಿಯ ಆಕ್ಟೋಪಸ್, ಒಂದು ಜಾತಿಯ ಕಡಲ ಬಸವನಹುಳು. ಅವನ್ನೂ ಹಸಿಯಾಗಿ ಅಲ್ಲ, ಬೇಯಿಸಿಯೇ ಮಾರಿದರು.