ಶ್ರೀಲಂಕಾದ ಮಣ್ಣಿನಿಂದ ಏಳುವ ಗ್ಯಾಸ್: ಸಾವಯವದವರೂ ನೋಡಬೇಕಾದ ಲೆಕ್ಕ

"ಏನಪ್ಪಾ, ನಿಮ್ಮ ಸಾವಯವ ಶ್ರೀಲಂಕಾನೇ ಮುಳುಗಿಸಿಬಿಡ್ತಂತಲ್ಲ?"

2022ರಲ್ಲಿ ಟೀ ಅಂಗಡಿ ಮುಂದೆ ಪಕ್ಕದ ಗದ್ದೆಯ ಅಣ್ಣ ಹೀಗೆ ಕೇಳಿದಾಗ ಅಲ್ಲಿದ್ದವರೆಲ್ಲ ನಕ್ಕರು. ತೋಟಗಾರಿಕೆ ಪದವಿ ಓದಿ ಸಾವಯವ ಕೃಷಿಗೆ ಇಳಿದವನು ನಾನು. ಆವತ್ತು ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ. ಓದ್ತಾ ಹೋದಂತೆ ಗೊತ್ತಾಗಿದ್ದು, ಆ ದೇಶದ ಕಥೆ ನಮ್ಮ ಪರವಾಗೂ ಇಲ್ಲ, ಆ ಅಣ್ಣನ ಪರವಾಗೂ ಇಲ್ಲ ಅಂತ.

ಶ್ರೀಲಂಕಾ ಅಂದ್ರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗದಷ್ಟು ನೆಲ. ಅಲ್ಲಿ ಭತ್ತಕ್ಕೆ ಮಹಾ, ಯಾಲ ಅಂತ ಎರಡು ಹಂಗಾಮು, ಬೆಟ್ಟದ ಮೇಲೆ ಚಹಾ, ನುವಾರ ಎಲಿಯ ಕಡೆ ಆಲೂಗಡ್ಡೆ, ತರಕಾರಿ. 2005ರಿಂದ ಭತ್ತದ ರೈತರಿಗೆ 50 ಕೆಜಿ ಗೊಬ್ಬರದ ಚೀಲ ಅಲ್ಲಿನ 350 ರೂಪಾಯಿಗೆ ಸಿಗ್ತಿತ್ತು. ಅಗ್ಗಕ್ಕೆ ಸಿಕ್ಕಿದ್ದನ್ನ ಯಾರು ಅಳೆದು ಹಾಕ್ತಾರೆ ಹೇಳಿ? ನಾವೂ ಹಾಗೇ ತಾನೇ.

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಬೆಳೆ ತಿನ್ನೋದು ಒಂದು ಪಾಲು ಮಾತ್ರ. ಉಳಿದಿದ್ದು ಅಮೋನಿಯಾ ಆಗಿ ಹಾರುತ್ತೆ, ನೈಟ್ರೇಟ್ ಆಗಿ ನೀರಿನ ಜೊತೆ ಇಳಿಯುತ್ತೆ. ಮಣ್ಣು ತೊಯ್ದು ಗಾಳಿ ಕಡಿಮೆಯಾದಾಗ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ನೈಟ್ರಸ್ ಆಕ್ಸೈಡ್ ಅನ್ನೋ ಗ್ಯಾಸನ್ನೂ ಬಿಡ್ತವೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತೆ.

ಒಂದು ಚೀಲದ ಲೆಕ್ಕ ಹಾಕೋಣ, ಫೋನಿನ ಕ್ಯಾಲ್ಕುಲೇಟರ್ ಸಾಕು. 50 ಕೆಜಿ ಯೂರಿಯಾದಲ್ಲಿ 23 ಕೆಜಿ ಸಾರಜನಕ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಪ್ರಕಾರ, ಮಳೆ ಜಾಸ್ತಿ ಇರುವ ಕಡೆ ರಾಸಾಯನಿಕ ಸಾರಜನಕದಲ್ಲಿ ಸರಾಸರಿ ಶೇ 1.6 ಈ ಗ್ಯಾಸ್ ಆಗುತ್ತೆ. ಅಂದ್ರೆ ಚೀಲಕ್ಕೆ ಸುಮಾರು 580 ಗ್ರಾಂ. ಕಾಣೋಕೆ ಅಷ್ಟೇ, ಆದ್ರೆ 273ರಿಂದ ಗುಣಿಸಿದ್ರೆ 158 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಇದು ಚಹಾ, ತರಕಾರಿ ಬೆಳೆಯೋ ನೆಲದ ಲೆಕ್ಕ. ಸದಾ ನೀರು ನಿಂತ ಗದ್ದೆಯಲ್ಲಿ ನೈಟ್ರಸ್ ಆಕ್ಸೈಡ್ ಕಡಿಮೆ. ಅಲ್ಲಿ ಬೇರೆ ಗ್ಯಾಸ್ ಇದೆ, ಅದಕ್ಕೆ ಬರ್ತೀನಿ.

ಈ ಪೋಲು ಶ್ರೀಲಂಕಾಕ್ಕೆ ಗೊತ್ತಿರಲಿಲ್ಲ ಅಂತಲ್ಲ. 2019ರ ಅಕ್ಟೋಬರ್‌ನಲ್ಲಿ ಹಲವು ದೇಶಗಳು ಕೊಲಂಬೊದಲ್ಲೇ ಸೇರಿ, 2030ರೊಳಗೆ ಸಾರಜನಕದ ಪೋಲನ್ನು ಅರ್ಧಕ್ಕೆ ಇಳಿಸೋ ಗುರಿ ಇಟ್ಟುಕೊಂಡವು. ಕೊಲಂಬೊ ಘೋಷಣೆ ಅಂತಾರೆ ಅದನ್ನ. ಅದೇ ವರ್ಷ ಅಧ್ಯಕ್ಷರಾದ ಗೊಟಬಯ ರಾಜಪಕ್ಸ ಕೂಡ ಚುನಾವಣೆಯಲ್ಲಿ ಹೇಳಿದ್ದು ಹತ್ತು ವರ್ಷದಲ್ಲಿ ಸಾವಯವಕ್ಕೆ ಹೋಗೋಣ ಅಂತ. ಹತ್ತು ವರ್ಷ ಅನ್ನೋದು ನ್ಯಾಯವಾದ ಮಾತು. ಆದ್ರೆ 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿಬಿಟ್ಟರು. ಡಾಲರ್ ಕೊರತೆಯೂ ಜೊತೆಗಿತ್ತು. ಅದೇ ನವೆಂಬರ್‌ನಲ್ಲಿ ನಿಷೇಧ ವಾಪಸ್ ತಗೊಂಡರೂ ಆ ಮಹಾ ಹಂಗಾಮಿನ ಭತ್ತ ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. ಅಕ್ಕಿ ಹೊರಗಿಂದ ತರಿಸಬೇಕಾಯ್ತು.

ಯಾಕೆ ಹೀಗಾಯ್ತು ಅನ್ನೋದಕ್ಕೆ ದೊಡ್ಡ ವಿದ್ಯೆ ಬೇಡ. ಎಕರೆ ಭತ್ತಕ್ಕೆ 40 ಕೆಜಿ ಸಾರಜನಕ ಬೇಕು ಅಂದುಕೊಳ್ಳಿ. ಯೂರಿಯಾ ಆದ್ರೆ ಎರಡು ಚೀಲವೂ ಬೇಡ. ಶೇ 1 ಸಾರಜನಕ ಇರೋ ಕಾಂಪೋಸ್ಟ್ ಆದ್ರೆ 4 ಟನ್ ಬೇಕು, ಅದೂ ಒಂದೇ ಸಲಕ್ಕೆ ಬೆಳೆಗೆ ಸಿಗಲ್ಲ. ಇಡೀ ದ್ವೀಪಕ್ಕೆ ಇಷ್ಟು ಗೊಬ್ಬರ ಆರು ತಿಂಗಳಲ್ಲಿ ಯಾರು ಕೊಳೆಸಿ ಕೊಡ್ತಾರೆ?

ಈಗ ನಮ್ಮವರಿಗೆ ಕಹಿ ಮಾತು. ಸಾವಯವ ಅಂದ ತಕ್ಷಣ ಗ್ಯಾಸ್ ಸೊನ್ನೆ ಆಗಲ್ಲ. ಮಳೆ ಪ್ರದೇಶದಲ್ಲಿ ಗೊಬ್ಬರ, ಕಾಂಪೋಸ್ಟಿನ ಸಾರಜನಕಕ್ಕೂ ಶೇ 0.6ರ ಲೆಕ್ಕ ಇದೆ. ಯೂರಿಯಾಕ್ಕಿಂತ ಕಡಿಮೆ, ನಿಜ. ಆದ್ರೆ ನೀರು ನಿಂತ ಗದ್ದೆಗೆ ಕೊಳೆಯದ ಕಸ ಸೇರಿಸಿದ್ರೆ ಗಾಳಿಯಿಲ್ಲದ ಕೆಸರಲ್ಲಿ ಮೀಥೇನ್ ಹುಟ್ಟುತ್ತೆ. ನಾಟಿಗೆ ತಿಂಗಳೊಳಗೆ ಹುಲ್ಲು ಉತ್ತು ಸೇರಿಸಿದ್ರೆ ಅದರ ಪರಿಣಾಮ 1 ಅಂತ ಇಟ್ಟುಕೊಂಡ್ರೆ, ತಿಂಗಳಿಗೂ ಮುಂಚೆ ಸೇರಿಸಿದ ಹುಲ್ಲಿಗೆ 0.19, ಹಸಿರೆಲೆ ಗೊಬ್ಬರಕ್ಕೆ 0.45, ಕಾಂಪೋಸ್ಟಿಗೆ 0.17. ಇದೂ ಐಪಿಸಿಸಿ ಕೊಟ್ಟ ಅಂಕಿ. ಯೂರಿಯಾ ಸಿಗದೆ ಆತುರದಲ್ಲಿ ಅರೆಬೆಂದ ಗೊಬ್ಬರ ಗದ್ದೆಗೆ ಸುರಿದ ರೈತನಿಗೆ ಇಳುವರಿಯೂ ಇಲ್ಲ, ಗ್ಯಾಸೂ ಕಡಿಮೆಯಾಗಲ್ಲ.

ನಾನೂ ಈ ತಪ್ಪು ಮಾಡಿದವನೇ. ಮೊದಲ ವರ್ಷ ಡಯಾಂಚ ಮಡಕೆ ಹೊಡೆದು ಎರಡೇ ದಿನಕ್ಕೆ ನಾಟಿ ಮಾಡಿಸಿದೆ. ಕಾಲಿಟ್ಟಲ್ಲೆಲ್ಲ ಬುಳುಬುಳು ಗುಳ್ಳೆ, ಪೈರು ಹಳದಿ. ಆ ಗುಳ್ಳೆ ಏನು ಅಂತ ಕಾಲೇಜಲ್ಲಿ ಓದಿದ್ದೆ, ಗದ್ದೆಯಲ್ಲಿ ನೆನಪಾಗಲಿಲ್ಲ.

ನಿಷೇಧದ ಬದಲು ಶ್ರೀಲಂಕಾ ಶುರು ಮಾಡಬಹುದಿದ್ದ ಕೆಲಸಗಳು ಸಣ್ಣವು. ಎಲೆ ಬಣ್ಣದ ಪಟ್ಟಿ ಹಿಡಿದು, ಬೆಳೆ ಕೇಳಿದಾಗ ಮಾತ್ರ ಯೂರಿಯಾ, ಅದೂ ಕಂತಿನಲ್ಲಿ. ಕಾಂಪೋಸ್ಟನ್ನು ಮೊದಲು ಚಹಾ, ತರಕಾರಿಗೆ ಸ್ವಲ್ಪ ಸ್ವಲ್ಪವೇ. ಗದ್ದೆಗೆ ಒಮ್ಮೆ ನೀರು, ಒಮ್ಮೆ ಗಾಳಿ. ಹಂಗಾಮಿನಲ್ಲಿ ಹಲವು ಸಲ ನೀರು ಇಳಿಸಿದ್ರೆ ಮೀಥೇನ್ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತೆ. ಆದ್ರೆ ಒಣಗಿಸಿ ನೆನೆಸೋ ಗದ್ದೆಯಲ್ಲಿ ಸಾರಜನಕ ಹೆಚ್ಚಾಗಿದ್ರೆ ನೈಟ್ರಸ್ ಆಕ್ಸೈಡ್ ಏರುತ್ತೆ, ಅದಕ್ಕೇ ನೀರು ಮತ್ತು ಗೊಬ್ಬರ ಎರಡನ್ನೂ ಒಟ್ಟಿಗೆ ಹಿಡಿತದಲ್ಲಿಡಬೇಕು.

ನೀರಿನ ಭಾಗವನ್ನ ನೀವು ಈ ಹಂಗಾಮಲ್ಲೇ ಮಾಡಬಹುದು. ಒಂದಡಿಗಿಂತ ಸ್ವಲ್ಪ ಉದ್ದದ ಅಗಲ ಪಿವಿಸಿ ಪೈಪಿನ ಕೆಳಭಾಗಕ್ಕೆ ತೂತು ಹೊಡೆದು, 20 ಸೆಂ.ಮೀ. ಮಣ್ಣಿಗೆ ಇಳಿಸಿ, ಒಳಗಿನ ಕೆಸರು ತೆಗೀರಿ. ನಾಟಿಯಾಗಿ ಎರಡು ವಾರ ಕಳೆದ ಮೇಲೆ ನೀರು ನಿಲ್ಲಿಸಿ. ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗೆ ಹೋದಾಗ ಮತ್ತೆ ಬಿಡಿ. ಹೂ ಬರೋ ಸಮಯದಲ್ಲಿ ಮಾತ್ರ ಒಣಗಿಸಬೇಡಿ.

ಮೊನ್ನೆ ಅದೇ ಅಣ್ಣ ನನ್ನ ಗದ್ದೆ ಬದುವಿನ ಮೇಲೆ ನಿಂತು, "ಇದೇನಪ್ಪಾ, ಗದ್ದೆಯೊಳಗೆ ಬೋರು ಕೊರೆಸಿದ್ಯಾ?" ಅಂದ್ರು. ಬನ್ನಿ ಅಂತ ಕರೆದು ತೋರಿಸಿದೆ. ಬಗ್ಗಿ ನೋಡಿದರು, ನೀರು ಹತ್ತು ಸೆಂ.ಮೀ. ಕೆಳಗಿತ್ತು. "ಹಾಗಾದ್ರೆ ಇವತ್ತು ಮೋಟಾರ್ ಹಾಕಲ್ವಾ?" ಅಂದ್ರು. ಇನ್ನೆರಡು ದಿನ ಹಾಕಲ್ಲ ಅಂದೆ.