ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಬಗೆ

ಇಂಗ್ಲಿಷನ್ನು ಚೆನ್ನಾಗಿ ಓದಬಲ್ಲ ನಮ್ಮ ಮಕ್ಕಳು ಆ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಬೇಕಾದಾಗ ತಡವರಿಸುವುದುಂಟು. ಇದಕ್ಕೆ ದಡ್ಡತನ ಕಾರಣವಲ್ಲ. ಕನ್ನಡದಲ್ಲಿ ಪ್ರಶ್ನಾರ್ಥವನ್ನು ಪ್ರತ್ಯಯವು ಹೊರುತ್ತದೆ. ಇಂಗ್ಲಿಷಿನಲ್ಲಿ ಪದಗಳ ಸ್ಥಾನವು ಹೊರುತ್ತದೆ.

‘ರಾಮನು ನಿನ್ನೆ ಊರಿಗೆ ಹೋದನು’ ಎಂಬ ವಾಕ್ಯವನ್ನು ನೋಡಿರಿ. ಕೊನೆಯ ಪದವನ್ನು ‘ಹೋದನೇ’ ಎಂದು ಮಾಡಿದರೆ ಪ್ರಶ್ನೆ ಸಿದ್ಧವಾಯಿತು. ಉಳಿದ ಪದಗಳು ಕುಳಿತಲ್ಲಿಂದ ಕದಲುವುದಿಲ್ಲ. ಸಂಸ್ಕೃತದಲ್ಲಿಯೂ ವಾಕ್ಯದ ತಲೆಗೆ ‘ಕಿಮ್’ ಎಂಬುದನ್ನು ಇಟ್ಟರೆ ಸಾಕು. ಇಂಗ್ಲಿಷಿಗೆ ಇಂತಹ ಪ್ರತ್ಯಯವೂ ಇಲ್ಲ, ಅವ್ಯಯವೂ ಇಲ್ಲ. ಆದುದರಿಂದ ಅದು ಸಹಾಯಕ ಕ್ರಿಯಾಪದವನ್ನು ಎಬ್ಬಿಸಿ ಕರ್ತೃವಿನ ಮುಂದೆ ಕೂರಿಸುತ್ತದೆ: ‘ಹಿ ಈಸ್ ಕಮಿಂಗ್’ ಎಂಬುದು ‘ಈಸ್ ಹಿ ಕಮಿಂಗ್?’ ಎಂದಾಗುತ್ತದೆ.

ಸಹಾಯಕ ಪದವೇ ಇಲ್ಲದ ‘ಹಿ ವೆಂಟ್’ ಎಂಬಂತಹ ವಾಕ್ಯಕ್ಕೆ ‘ಡಿಡ್’ ಎಂಬುದನ್ನು ಎರವಲು ತರಬೇಕು. ಭೂತಕಾಲದ ಹೊರೆಯನ್ನು ಅದೇ ಹೊತ್ತುಕೊಳ್ಳುವುದರಿಂದ ಮುಖ್ಯ ಕ್ರಿಯಾಪದ ಹಗುರಾಗಿ ‘ಗೋ’ ಎಂಬ ಮೂಲರೂಪಕ್ಕೆ ಮರಳುತ್ತದೆ: ‘ಡಿಡ್ ಹಿ ಗೋ?’ ‘ಡಿಡ್ ಹಿ ವೆಂಟ್?’ ಎನ್ನುವುದು ಒಬ್ಬನ ಹೊರೆಯನ್ನು ಇಬ್ಬರ ತಲೆಗೆ ಏರಿಸಿದಂತೆ. ಈ ಕಟ್ಟಳೆ ಆ ಭಾಷೆಯಲ್ಲಿ ಬಹು ಪುರಾತನವೇನೂ ಅಲ್ಲ. ಷೇಕ್ಸ್‌ಪಿಯರನ (1564–1616) ನಾಟಕಗಳಲ್ಲಿ ‘ಡು’ ಸೇರಿದ ಪ್ರಶ್ನೆಗಳೂ ಇವೆ, ಮುಖ್ಯ ಕ್ರಿಯಾಪದವನ್ನೇ ಮುಂದಿಟ್ಟು ಕೇಳಿದವೂ ಇವೆ. ನಿಯಮ ಬಿಗಿಯಾದದ್ದು ಅನಂತರ. ‘ಯಾರು’ ಎಂಬುದೇ ಕರ್ತೃವಾದಾಗ ಇಂದಿಗೂ ‘ಡಿಡ್’ ಬೇಕಿಲ್ಲ, ‘ಹೂ ಕೇಮ್?’ ಎಂದರಾಯಿತು.

ಪದವೀಧರರೂ ಎಡವುವ ಸ್ಥಳ ಬೇರೊಂದಿದೆ. ‘ಕ್ಯಾನ್ ಯು ಟೆಲ್ ಮಿ ವೇರ್ ಈಸ್ ದಿ ಬಸ್ ಸ್ಟ್ಯಾಂಡ್?’ ಎಂದು ಕೇಳುವವರು ಬಹಳ. ‘ಕ್ಯಾನ್ ಯು’ ಎಂದಾಗಲೇ ಪ್ರಶ್ನೆ ಮುಗಿದಿದೆ. ಮುಂದಿನ ಭಾಗವು ಸಾಮಾನ್ಯ ವಾಕ್ಯದ ಕ್ರಮದಲ್ಲಿಯೇ ಬರಬೇಕು: ‘ವೇರ್ ದಿ ಬಸ್ ಸ್ಟ್ಯಾಂಡ್ ಈಸ್’. ಆದರೆ ಈ ತಪ್ಪಿನಿಂದ ಯಾರೂ ದಾರಿ ತಪ್ಪುವುದಿಲ್ಲ. ನಿಷೇಧಾರ್ಥಕ ಪ್ರಶ್ನೆಯ ಮಾತು ಹಾಗಲ್ಲ.

ಪರದೇಶದಲ್ಲಿರುವ ಮಗನ ಮನೆಗೆ ಹೋದ ತಾಯಿಯೊಬ್ಬರು ಹಲ್ಲು ಕೀಳಿಸಲು ಹೋಗಿದ್ದಾರೆಂದು ಭಾವಿಸಿರಿ. ಅವರು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದಾರೆ. ವೈದ್ಯರು, ‘ನೀವು ಅಂತಹ ಮಾತ್ರೆ ತೆಗೆದುಕೊಳ್ಳುತ್ತಿಲ್ಲ, ಅಲ್ಲವೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಕನ್ನಡದ ರೂಢಿಯಂತೆ ತಾಯಿಯ ಮನಸ್ಸು, ‘ಇಲ್ಲ, ತೆಗೆದುಕೊಳ್ಳುತ್ತಿದ್ದೇನೆ’ ಎಂದುಕೊಳ್ಳುತ್ತದೆ. ಬಾಯಿಂದ ಹೊರಡುವುದು ‘ನೋ’ ಎಂಬ ಒಂದೇ ಮಾತು. ವೈದ್ಯರು ಅದನ್ನು ‘ತೆಗೆದುಕೊಳ್ಳುತ್ತಿಲ್ಲ’ ಎಂದೇ ಗ್ರಹಿಸುತ್ತಾರೆ. ರಕ್ತಸ್ರಾವವಾಗಬಹುದೆಂಬ ಎಚ್ಚರಿಕೆ ಅಲ್ಲಿಯೇ ತಪ್ಪಿಹೋಯಿತು.

ಇಲ್ಲಿ ಇಬ್ಬರೂ ತಮ್ಮ ತಮ್ಮ ಭಾಷೆಗೆ ನಿಷ್ಠರಾಗಿಯೇ ಇದ್ದಾರೆ. ನಮ್ಮ ಹೌದು–ಇಲ್ಲಗಳು ಕೇಳಿದವರ ಮಾತಿಗೆ ಒಪ್ಪಿಗೆಯೋ ನಿರಾಕರಣೆಯೋ ಆಗಿರುತ್ತವೆ. ಇಂಗ್ಲಿಷಿನ ‘ಯೆಸ್’, ‘ನೋ’ಗಳು ಸಂಗತಿಯನ್ನೇ ಹಿಡಿಯುತ್ತವೆ: ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’, ಪ್ರಶ್ನೆಯ ರೂಪ ಏನೇ ಇರಲಿ. ಆದುದರಿಂದ ಹಿರಿಯರಿಗೆ ಒಂಟಿ ಪದದಲ್ಲಿ ಉತ್ತರಿಸದಂತೆ ಹೇಳಿಕೊಡಬೇಕು. ‘ಐ ಟೇಕ್ ಇಟ್ ಡೈಲಿ’ ಎಂಬ ಪೂರ್ಣ ವಾಕ್ಯ ಅವರ ನಾಲಗೆಯ ಮೇಲಿರಲಿ. ಕೇಳುವವರು ನಾವಾದರೆ ‘ನಾಟ್’ ಎಂಬುದನ್ನು ಬಿಟ್ಟು ‘ಆರ್ ಯು ಟೇಕಿಂಗ್?’ ಎಂದೇ ಕೇಳುವುದು ಲೇಸು. ಒಂದು ಉಸಿರಿನಲ್ಲಿ ಒಂದೇ ಪ್ರಶ್ನೆ. ಪರೀಕ್ಷೆಗೆ ಕುಳಿತ ಬಾಲಕನಿಗಿಂತ ಆಸ್ಪತ್ರೆಯಲ್ಲಿ ಕುಳಿತ ಅಜ್ಜಿಗೆ ಈ ವ್ಯಾಕರಣದ ಅಗತ್ಯ ಹೆಚ್ಚು ಎಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಕಟ್ಟುನಿಟ್ಟಿನ ಇಂಗ್ಲಿಷೂ ಕನ್ನಡದ ಮುಂದೆ ಸೋಲುವ ಒಂದು ಪ್ರಶ್ನೆಯುಂಟು. ‘ಲಿಂಕನ್ ಅಮೆರಿಕದ ಎಷ್ಟನೆಯ ಅಧ್ಯಕ್ಷ?’ ನಮ್ಮ ‘ಎಷ್ಟನೆಯ’ ಎಂಬುದಕ್ಕೆ ಅಲ್ಲಿ ಬಳಕೆಯ ಒಂದು ಪದವಿಲ್ಲ. ಅವನಿಗಿಂತ ಮೊದಲು ಎಷ್ಟು ಜನ ಅಧ್ಯಕ್ಷರಿದ್ದರೆಂದು ಸುತ್ತಿ ಬಳಸಿ ಕೇಳಬೇಕಾಗುತ್ತದೆ. 15 ಎಂಬ ಉತ್ತರ ಬಂದಮೇಲೆ ಅದಕ್ಕೆ ನಾವೇ ಒಂದನ್ನು ಕೂಡಿಸಿಕೊಳ್ಳಬೇಕು.